ತುಳಜಾಬಾಯಿಯ ಮುಂದೆ ಒಂದು ಸುತ್ತು

ಶಹಾಬಾದಿನಲ್ಲಿ ನನಗೆ ಕಂಡರಾಗದವರು ಬಹಳ ಜನ. ಅವರಲ್ಲಿ ಮೊದಲ ಹೆಸರು ತುಳಜಾಬಾಯಿಯದು. ಗಂಡ ಸತ್ತ ಮೇಲೆ ಅವನ ಸೈಕಲ್ ಅಂಗಡಿಯನ್ನೂ ಹರಕು ಬಾಯಿಯನ್ನೂ ಒಟ್ಟಿಗೇ ವಹಿಸಿಕೊಂಡ ಹೆಂಗಸು. ಗಿರಾಕಿಗೆ ಕುಂದ್ರಿ ಎಂದವಳಲ್ಲ. ನಟ್ ಬಿಗಿಯುವ ಅವಳ ಪಾನಾ ಮುಟ್ಟಿದರೆ ಫೌಜದಾರನ ಕೈಮೇಲೂ ಹೊಡೆಯುತ್ತಾಳೆ.

ಆದರೂ ಹದಿನೆಂಟು ವರ್ಷದಿಂದ ನಾನು ಅವಳ ಬಾಗಿಲಿಗೇ ಹೋಗುತ್ತಿದ್ದೇನೆ. ಪೋಲಿಯೊದಿಂದ ನನ್ನ ಬಲಗಾಲಿನಲ್ಲಿ ಕಸುವಿಲ್ಲ. ಅದಕ್ಕೆಂದೇ ಅವಳು ನನ್ನ ಸೈಕಲ್ಲಿನ ಹಿಂಗಾಲಿಯ ಫ್ರೀವೀಲನ್ನು ವೆಲ್ಡ್ ಮಾಡಿಸಿದಳು. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಎಡಗಾಲು ತುಳಿದರೆ ಬಲಗಾಲನ್ನು ಪೆಡಲ್ಲೇ ಎತ್ತಿಕೊಂಡು ಬರುತ್ತದೆ. ನಿಲ್ಲಬೇಕಾದರೆ ಪೆಡಲನ್ನು ಹಿಂದಕ್ಕೆ ಒತ್ತಿ ತಡೆಯಬೇಕು. ಹಾಗಾಗಿ ಎಲ್ಲವೂ ಚೈನಿನ ಮೇಲೆ. ಸಡಿಲಾದರೆ ಕಳಚುತ್ತದೆ, ಬಿಗಿಯಾದರೆ ಹರಿಯುತ್ತದೆ. ಈ ಸೈಕಲ್ ಇದ್ದರೆ ಪಾಠ ಹೇಳಲು ಶಾಲೆಗೆ ಒಬ್ಬನೇ ಹೋಗುತ್ತೇನೆ. ಇಲ್ಲದಿದ್ದರೆ ಭಾವಮೈದ ಸುಜಯನ ಸ್ಕೂಟರಿನ ಹಿಂದೆ ಗಂಟಿನ ಹಾಗೆ ಕೂರಬೇಕು. ಆ ಬದುಕು ನನಗೆ ಬೇಡ.

ಚೈನು ಸರಿಮಾಡಿದ ಮೇಲೆ ಅಂಗಡಿ ಮುಂದೆ ಒಂದು ಸುತ್ತು ಹೊಡೆದು ತೋರಿಸಬೇಕು, ಅದು ಅವಳ ಕಾಯಿದೆ. ಎದುರಿಗೇ ಚಹಾದಂಗಡಿ, ಅದರ ತುಂಬ ಕಲ್ಲುಪಾಲಿಶಿನವರು. ತುಳಜಾಬಾಯಿ ನೆಲಕ್ಕೆ ಕೂತು ನನ್ನ ಕಾಲ ಕಡೆಗೆ ಕಣ್ಣು ನೆಡುತ್ತಾಳೆ. ಕಳೆದ ಶ್ರಾವಣದಲ್ಲಿ ಅಲ್ಲಿ ಯಾರೋ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು.

"ನನ್ನ ಕಾಲು ಮಂದಿಗಿ ತಮಾಷಾ ಆಗ್ಯಾದೇನು?"

"ಸುತ್ತು ಹೊಡೀಲಿಲ್ಲಂದ್ರ ನನ್ನ ಅಂಗಡಿಗಿ ಬರಬ್ಯಾಡ್ರಿ, ಜಯತೀರ್ಥ ಮಾಸ್ತರ."

ಹೋಗಲಿಲ್ಲ. ಸ್ವಂತ ಪಾನಾ ಕೊಂಡೆ. ಗಣಿತ ಕಲಿಸುವವನಿಗೆ ಚೈನು ಯಾವ ಲೆಕ್ಕ! ಕಾಲಿಡಲು ಸುಲಭವೆಂದು ನಾನು ಯಾವಾಗಲೂ ಬಲಪೆಡಲ್ ಕೆಳಗಿಟ್ಟು ಸೈಕಲ್ ನಿಲ್ಲಿಸುತ್ತೇನೆ. ಹಾಗೇ ನಿಂತಿದ್ದಾಗ ಚೈನು ಒತ್ತಿ ನೋಡಿದೆ, ಜೋಲುತ್ತಿತ್ತು. ಹಿಂದಿನ ಗಾಲಿ ಎಳೆದು ನಟ್ ಬಿಗಿದೆ. ಪೆಡಲನ್ನು ಒಂದು ಸಲವೂ ತಿರುಗಿಸಿ ನೋಡಲಿಲ್ಲ.

ಮೂರನೆಯ ದಿನ ಇಳಿಜಾರಿನಲ್ಲಿ ಚೈನು ಹರಿಯಿತು. ತಡೆಯಲು ಒತ್ತಿದೆ, ಪೆಡಲ್ ಸುಮ್ಮನೆ ತಿರುಗಿತು. ಕೈಬ್ರೇಕು ಕಲ್ಲಿನ ಧೂಳು ತಿಂದು ಎಂದೋ ಸತ್ತಿತ್ತು. ರಸ್ತೆಯ ಮೇಲೆ ಬಿದ್ದೆ. ಪರಸಿ ಕಲ್ಲು ಹೇರಿದ ಟ್ರ್ಯಾಕ್ಟರು ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಮನೆಯಲ್ಲಿ ಸುಜಯ ಸ್ಕೂಟರು ಒರೆಸಿಟ್ಟ. ಅದನ್ನು ನೋಡಿ ಹಲ್ಲು ಕಚ್ಚಿಕೊಂಡು ತುಳಜಾಬಾಯಿಯ ಅಂಗಡಿಗೆ ಹೋದೆ.

ಅವಳು ಹೊಸ ಚೈನು ಹಾಕಿ ಪೆಡಲನ್ನು ಮೆಲ್ಲಗೆ ತಿರುಗಿಸಿದಳು. ಒಂದು ಕಡೆ ಚೈನು ಜೋಲಿತು, ಅರ್ಧ ಸುತ್ತು ಬಂದಾಗ ತಂತಿಯಂತೆ ಸೆಟೆಯಿತು.

"ಹಲ್ಲಿನ ಚಕ್ರ ಪೂರಾ ಗುಂಡಗ ಇರಂಗಿಲ್ರಿ. ಎಲ್ಲಿ ಬಿಗಿ ಆಗ್ತದ, ಅಲ್ಲಿ ನೋಡಬೇಕು. ನೀವು ಜೋಲು ಇದ್ದಲ್ಲಿ ಬಿಗಿದೀರಿ."

ಬಿಗಿ ಬರುವ ಕಡೆ ಅರ್ಧ ಇಂಚು ಆಡುವಷ್ಟು ಬಿಟ್ಟು ನಟ್ ಕೂರಿಸಿದಳು.

"ಈಗ ಸುತ್ತು ಹೊಡೀರಿ. ನಾ ನೋಡಾಕತ್ತೀನಿ."

ಸಿಟ್ಟಿನಲ್ಲೇ ಹತ್ತಿದೆ. ಈ ಸಲ ತಲೆ ತಗ್ಗಿಸಲಿಲ್ಲ, ಅವಳ ಕಣ್ಣನ್ನೇ ನೋಡಿದೆ. ಚಹಾದಂಗಡಿಯವರೆಲ್ಲ ನನ್ನ ಕಾಲು ನೋಡುತ್ತಿದ್ದರು. ತುಳಜಾಬಾಯಿ ಚೈನು ನೋಡುತ್ತಿದ್ದಳು, ಚೈನು ಮಾತ್ರ. ಹದಿನೆಂಟು ವರ್ಷವೂ ಅವಳು ನೋಡಿದ್ದು ಅದನ್ನೇ. ನನಗೆ ನಾಚಿಕೆಯಾಯಿತು.

"ಭಾಳ ಛಲೋ ಆಗ್ಯಾದ," ಎಂದೆ.

"ನಿಮಗೇನ ತಿಳೀತದ! ನಡೀರಿ, ಸಾಲಿಗಿ ಹೊತ್ತಾಗ್ಯಾದ."

ಅವಳನ್ನು ಬೈದುಕೊಳ್ಳುತ್ತಲೇ ಶಾಲೆಗೆ ಹೋದೆ, ಒಬ್ಬನೇ.