ಬೆನ್ನಿಗೆ ಕಣ್ಣಿಲ್ಲ

ಮೊನ್ನೆ ಭಾನುವಾರ ಮೀನಂಗಡಿಯಲ್ಲಿ ಕವರ್ ಮುಗಿದಿತ್ತಂತೆ. ಹಿನ್ನೀರಿನ ಮೀನನ್ನು ಸಾಗುವಾನಿ ಎಲೆಯಲ್ಲಿ ಕಟ್ಟಿಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಹಸಿ ಎಲೆ, ಹಸಿ ಮೀನು ಎರಡೂ ಸೇರಿದ ಆ ವಾಸನೆ... ಪಕ್ಕದ ಮನೆಯ ಅಕ್ಕ ಎದುರಿಗೇ ಬಂದು ಕೂತಂತಾಯಿತು. ಎದುರಿಗೆ ಎಂದೆನೇ? ಅವರು ಕೂರುತ್ತಿದ್ದುದು ಬೆನ್ನು ಹಾಕಿ.

ನಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದಾಗ ನಮ್ಮ ಬೀದಿಯ ಐದು ಮನೆಯ ಗಂಡಸರು ಕೂಡಿ ಬಲೆ ಬಿಡುತ್ತಿದ್ದರು. ಸಿಕ್ಕ ಮೀನನ್ನು ಎಲೆಯ ಮೇಲೆ ಐದು ಪಾಲು ಮಾಡಿ, ಒಬ್ಬರು ಒಂದು ಪಾಲು ಮುಟ್ಟಿ "ಇದು ಯಾರಿಗೆ?" ಎನ್ನಬೇಕು. ಆ ಕಡೆ ತಿರುಗಿ ಕೂತ ಅಕ್ಕ "ಟೈಲರ್ ಮನೆಗೆ" ಎಂದರೆ ಅದು ನಮ್ಮದು. ದೊಡ್ಡ ಮೀನು ಯಾರಿಗೆ ಹೋದರೂ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಹೊಸಬಳಾದ ನಾನೇ ಒಮ್ಮೆ, ನಮ್ಮನ್ನು ಯಾವಾಗಲೂ ಕೊನೆಗೆ ಕರೆಯುತ್ತೀರಿ ಎಂದು ಮುಖ ಊದಿಸಿಕೊಂಡಿದ್ದೆ.

"ಮೊದಲು ಕರೆದ್ರೂ ಅಷ್ಟೇ, ಕೊನೆಗೆ ಕರೆದ್ರೂ ಅಷ್ಟೇ ಮಾರಾಯ್ತಿ. ನನ್ನ ಬೆನ್ನಿಗೇನು ಕಣ್ಣಿದ್ಯಾ?"

ಆಮೇಲೆ ಐದೂ ಮನೆಯವರು ಸೇರಿ ಊರಾಚೆ ಜಾಗ ಕೊಂಡು ಐದು ಸೈಟು ಮಾಡಿದೆವು. ಒಂದರಲ್ಲಿ ಬಾವಿ, ಇನ್ನೊಂದು ಏರಿನ ತುದಿಯಲ್ಲಿ. ಅಕ್ಕನಿಗೆ ಮಂಡಿನೋವು, ಕೊಡ ಹೊತ್ತೂ ಹೊತ್ತೂ ಸೋತಿದ್ದರು. ಬಾವಿಯ ಸೈಟು ತಮಗೇ ಬರಲೆಂದು ಹರಕೆಯನ್ನೂ ಹೊತ್ತಿದ್ದರು.

ಒಂದೊಂದು ಸೈಟಿಗೆ ಒಂದೊಂದು ಕಲ್ಲು ಇಟ್ಟೆವು, ಬಾವಿಗೆ ಬಿಳಿಯದು. ಅಂದು ಕಲ್ಲು ಮುಟ್ಟಿ ಕೇಳುತ್ತಿದ್ದವರು ಅಕ್ಕನ ಯಜಮಾನರು. ಬಿಳಿ ಕಲ್ಲಿಗೆ ಬಂದಾಗ "ಇದು ಯಾ...ರಿಗೆ?" ಎಂದರು, ಒಂದಿಷ್ಟೇ ಎಳೆದು. ಪಾಪ, ಹೆಂಡತಿಯ ಮಂಡಿನೋವು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಅಕ್ಕ ಎದ್ದೇ ಬಿಟ್ಟರು.

"ರೀ, ನಿಮ್ಮ ದನಿಯಲ್ಲೇ ಬಾವಿ ಕಂಡುಬಿಡ್ತು ನಂಗೆ. ಇದು ಆಗಲ್ಲ. ಮೊದಲಿಂದ ಆಗ್ಲಿ."

ಈ ಸಲ ಸರ್ವೆಗೆ ಬಂದಿದ್ದವರು ಬಾಯಿ ಬಿಡದೆ, ಕಲ್ಲು ಮುಟ್ಟಿ ಚಪ್ಪಾಳೆ ತಟ್ಟಿದರು. ಬಿಳಿ ಕಲ್ಲಿನ ಚಪ್ಪಾಳೆಗೆ ಅಕ್ಕ "ಟೈಲರ್ ಮನೆಗೆ" ಎಂದರು. ಏರಿನ ತುದಿ ಅವರಿಗೇ ಬಂತು. ತಿರುಗಿ ನೋಡಿದಾಗ ಅವರ ಮುಖ ಸಣ್ಣಗಾಯಿತು. ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಬದಲಾಯಿಸಿಕೊಳ್ಳೋಣ ಅಕ್ಕ ಎಂದೆ.

"ಬೇಡ ಮಾರಾಯ್ತಿ. ಹಂಗೆ ಬದಲು ಮಾಡೋದಾದ್ರೆ ನಾನು ಬೆನ್ನು ಹಾಕಿ ಕೂತಿದ್ದು ಯಾಕೆ?"

ಪೈಪಿನ ನೀರು ಬರುವವರೆಗೂ ಅವರು ನಮ್ಮ ಬಾವಿಯಿಂದಲೇ ಕೊಡ ಹೊತ್ತು ಏರು ಹತ್ತಿದರು. ನಾನು ಹೊತ್ತುಕೊಡಲು ಹೋದರೆ ಬೈಸಿಕೊಂಡು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ನಿಂತು ಮಂಡಿ ಒತ್ತಿಕೊಳ್ಳುವುದು ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು...

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೊನ್ನೆ ಮೀನು ತೊಳೆದು ಅದೇ ಎಲೆಯ ಮೇಲೆ ಎರಡು ಪಾಲು ಮಾಡಿದೆ, ನಮಗೊಂದು, ಅವರ ಯಜಮಾನರಿಗೊಂದು. ಯಾರನ್ನೂ ಕೇಳದೆ ದೊಡ್ಡದನ್ನೇ ಎತ್ತಿಕೊಂಡು ಏರು ಹತ್ತಿದೆ. ಅಕ್ಕ ಇದ್ದಿದ್ದರೆ ಬಿಡುತ್ತಿರಲಿಲ್ಲ.