ಮುಂಚೆಯೇ ಮುಚ್ಚಿದ ಕಣ್ಣು

ನಮ್ಮ ಕಟ್ಟಡದ ಎರಡನೆಯ ಮಹಡಿಯ ಚೆಕಿಂಗಕ್ಕನಿಗೆ ನಂಬಿಕೆ ಅನ್ನುವ ಪದಾರ್ಥವೇ ಒಗ್ಗುತ್ತಿರಲಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ಕೆರೆಯುತ್ತದಲ್ಲ, ಹಾಗೆ ಯಾರನ್ನಾದರೂ ನಂಬಿದರೆ ಅವಳಿಗೆ ಮೈಯೆಲ್ಲ ನವೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಕೂದಲು ಬೆಳ್ಳಗಾದ ಹೆಂಗಸು. ಮುಂಬಾಗಿಲಲ್ಲಿ ಹತ್ತಿ ಹಿಂಬಾಗಿಲಲ್ಲಿ ಇಳಿಯುವಷ್ಟರಲ್ಲಿ ಕಳ್ಳ ಯಾರೆಂದು ಗೊತ್ತುಮಾಡಿಕೊಳ್ಳುತ್ತಿದ್ದಳು. ಟಿಕೆಟ್ ಕೊಂಡವನು ಅವಳು ಹತ್ತಿದ ಮೇಲೆ ತಲೆಯೆತ್ತುತ್ತಾನೆ, ಕೊಳ್ಳದವನು ಅವಳು ಹತ್ತುವ ಮೊದಲೇ ಕಿಟಕಿಯ ಕಡೆ ತಿರುಗಿರುತ್ತಾನೆ. ಮುಖ ಓದುವ ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬಸ್ಸಿನ ಕಂಬಿ ಹಿಡಿದು ನಿಂತು ತಾನೇ ಕಲಿತದ್ದು.

ಕೆಲಸದಿಂದ ನಿವೃತ್ತಿಯಾದರೂ ಅನುಮಾನ ನಿವೃತ್ತಿಯಾಗಲಿಲ್ಲ. ಮೆಟ್ಟಿಲ ಮೇಲೆ ಎದುರಾದವರ ಕೈಚೀಲದೊಳಗೆ ಅವಳ ಕಣ್ಣು ಇಳಿದು ಬರುತ್ತಿತ್ತು. ಬೆಳಗಿನ ಹಾಲು ನೀರಾಗಿದೆ ಎಂದು ಹಾಲಿನವನೊಡನೆ ಜಗಳ, ಗಟ್ಟಿಯಾಗಿದ್ದರೆ ಏನು ಬೆರೆಸಿದೆ ಎಂದು ಇನ್ನೊಂದು ಜಗಳ. ಅವಳ ಜೊತೆಗಿದ್ದವನು ತಮ್ಮನೊಬ್ಬನೇ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸಗಾರ. ನೆರೆಹೊರೆಯವರನ್ನು ಅಕ್ಕನ ತಪಾಸಣೆಯಿಂದ ಪಾರುಮಾಡಲೆಂದು ಅವನೇ ಒಂದು ದಿನ ತನ್ನ ಹಳೆಯ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ ಯುದ್ಧದ ಆಟ ಹಚ್ಚಿದ.

ಆಟ ಇಷ್ಟೇ. ಪರದೆಯ ಮೇಲೆ ಚೌಕ ಚೌಕವಾದ ಬಯಲು, ಆ ಕಡೆ ಒಂದು ದಂಡು, ಈ ಕಡೆ ನಮ್ಮದು. ಸರದಿಯಂತೆ ಒಬ್ಬೊಬ್ಬರನ್ನೇ ನಡೆಸಬೇಕು. ಏಟು ತಗಲುವ ಸಾಧ್ಯತೆ ನೂರಕ್ಕೆ ಎಷ್ಟೆಂದು ಮೊದಲೇ ತೋರಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಪುಟ್ಟ ಅಂಕಿ ಇರುತ್ತದೆ, ಅದು ಕ್ರಿಟಿಕಲ್ ಏಟಿನದು. ಆ ಅಂಕಿ ಒಲಿದರೆ ಪರದೆ ಗಕ್ಕನೆ ಕಪ್ಪಾಗುತ್ತದೆ, ಹೊಡೆಯುವವನ ಕಣ್ಣು ಮಿಂಚುತ್ತದೆ, ಕೊಡಲಿ ಆಕಾಶಕ್ಕೆ ಹಾರಿ ಬುಗುರಿಯಂತೆ ತಿರುಗಿ ಮತ್ತೆ ಅವನ ಕೈಗೇ ಬಂದು ಕೂರುತ್ತದೆ. ಆಮೇಲೆ ಬೀಳುವ ಏಟು ಒಂದಕ್ಕೆ ಮೂರು ಪಟ್ಟು.

ಈ ಏಟಿನ ಚಿತ್ರಕ್ಕೇ ಒಂದು ದೊಡ್ಡ ಅಭಿಮಾನಿ ಬಳಗವಿದೆ ಎಂದರೆ ಅರಿಯದವರು ನಗಬಹುದು. ಆ ತುಣುಕುಗಳನ್ನು ಕತ್ತರಿಸಿಟ್ಟುಕೊಂಡು ನಿಧಾನ ಮಾಡಿ ನೋಡುವವರು, ಬಿಲ್ಲುಗಾರನ ತಿರುವು ಚೆಂದವೋ ಕುದುರೆಯವನ ಲಗಾಮಿನ ಜಗ್ಗು ಚೆಂದವೋ ಎಂದು ಜಗಳವಾಡಿ ಮಾತು ಬಿಡುವವರು, ಚುಕ್ಕೆ ಚುಕ್ಕೆ ಜೋಡಿಸಿ ಹೊಸ ಏಟಿನ ಚಿತ್ರವನ್ನೇ ಬರೆಯುವವರು, ಗೆಳೆಯನ ಮದುವೆಗೆ ಶುಭಾಶಯದ ಬದಲು ಕತ್ತಿ ತಿರುಗಿಸುವ ತುಣುಕು ಕಳಿಸುವವರು. ಹೊತ್ತು ಉಳಿಸಲು ಈ ಚಿತ್ರವೇ ಬಾರದಂತೆ ಮಾಡಿಕೊಂಡು ಆಡುವವರನ್ನು ಬಳಗದಲ್ಲಿ ಆತುರಗೇಡಿಗಳು ಎಂದು ಹೀಯಾಳಿಸುತ್ತಾರೆ.

ಬಳಗದಲ್ಲಿ ಕಡು ಪಂದ್ಯ ಅಂತ ಒಂದಿದೆ. ಸತ್ತ ಸೈನಿಕ ಸತ್ತಂತೆಯೇ. ಹಿಂದಕ್ಕೆ ಹೋಗಿ ಆ ಸರದಿಯನ್ನು ಮತ್ತೆ ಆಡುವಂತಿಲ್ಲ. ಆಟಗಾರ ಪರದೆಯನ್ನೂ ತನ್ನ ಮುಖವನ್ನೂ ಒಟ್ಟಿಗೆ ಚಿತ್ರೀಕರಿಸಿ ಕಳಿಸಬೇಕು, ತಪಾಸಕರು ನೋಡಿ ಒಪ್ಪಬೇಕು. ಚೆಕಿಂಗಕ್ಕ ಅಲ್ಲಿಯೂ ತಪಾಸಕಿಯಾದಳು. ಮೀನನ್ನು ನೀರಿಗೆ ಬಿಟ್ಟಂತಾಯಿತು. ಕೊಡಲಿ ಮೇಲೇರಿದಾಗ ಬೆಚ್ಚುವವನು ಸಾಚಾ. ಪರದೆ ಕಪ್ಪಾಗುವ ಮೊದಲೇ ಬೆಚ್ಚುವವನು ಆ ಏಟನ್ನು ಕದ್ದು ಒಮ್ಮೆ ತಿಂದು ಬಂದವನು. ಈ ಅಳತೆಗೋಲಿನಿಂದ ಹಲವರ ಆಟವನ್ನು ಅವಳು ತಳ್ಳಿಹಾಕಿದ್ದಳು. ಕಾರಣ ಮಾತ್ರ ಬಿಚ್ಚಿ ಹೇಳುತ್ತಿರಲಿಲ್ಲ. ‘ಮುಖ ಒಪ್ಪುವುದಿಲ್ಲ’ ಎಂದಷ್ಟೇ ಬರೆಯುತ್ತಿದ್ದಳು. ಗುಟ್ಟು ಹೇಳಿದರೆ ಕಳ್ಳರು ಮುಖ ತಿದ್ದಿಕೊಳ್ಳುತ್ತಾರಲ್ಲ!

ಹೀಗಿರುವಾಗ ತಮ್ಮನೇ ಕಡು ಪಂದ್ಯದ ಅತಿ ಕಷ್ಟದ ಮಟ್ಟವನ್ನು ಗೆದ್ದು ಆಟ ಕಳಿಸಿದ. ಅದುವರೆಗೆ ಯಾರೂ ಗೆದ್ದಿರಲಿಲ್ಲ. ರಕ್ತಸಂಬಂಧ, ಬೇರೆಯವರು ನೋಡಲಿ ಎಂದು ಅಕ್ಕ ಹೇಳಿದಳು. ಬಳಗದವರು ಬಿಡಲಿಲ್ಲ. ಚೆಕಿಂಗಕ್ಕ ಒಪ್ಪಿದರೆ ಮುಂದೆ ಯಾರೂ ತುಟಿ ಬಿಚ್ಚುವಂತಿಲ್ಲ ಎಂದರು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು.

ಸೇತುವೆಯ ಕಾಳಗದವರೆಗೂ ಎಲ್ಲ ಸರಿಯಿತ್ತು. ಅಲ್ಲಿ ಶತ್ರುಪಾಳಯದ ಕೊಡಲಿಯವನೊಬ್ಬ ತಮ್ಮನ ವೈದ್ಯೆಯ ಮೇಲೆ ಬಂದ. ಆಟದ ಮೊದಲಿನಿಂದ ಅವನು ಅಂಗೈಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದವಳು ಅವಳು. ಕ್ರಿಟಿಕಲ್ ಅಂಕಿ ಇದ್ದದ್ದು ನೂರಕ್ಕೆ ಒಂದೋ ಎರಡೋ. ಪರದೆ ಇನ್ನೂ ಬೆಳಗಿತ್ತು. ತಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ತುಟಿ ಕಚ್ಚಿದ. ಆಮೇಲೆ ಪರದೆ ಕಪ್ಪಾಯಿತು, ಕೊಡಲಿ ಹಾರಿತು, ವೈದ್ಯೆ ಉರುಳಿದಳು.

ಅಕ್ಕ ತಟ್ಟನೆ ಆಟ ನಿಲ್ಲಿಸಿದಳು. ಹಿಂದಕ್ಕೆ ಎಳೆದು ನೋಡಿದಳು, ಮತ್ತೆ ನೋಡಿದಳು. ಕಣ್ಣು ಮುಂಚೆಯೇ ಮುಚ್ಚಿತ್ತು. ಮೋಸ ಮಾಡಿದ್ದರೆ ವೈದ್ಯೆಯನ್ನು ಉಳಿಸಿಕೊಳ್ಳುತ್ತಿರಲಿಲ್ಲವೇ ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ನಂಬಿಸಲೆಂದೇ ಒಂದು ಹೆಣ ಬಿಟ್ಟಿದ್ದಾನೆ ಎಂದು ಇನ್ನೊಂದು ಮೂಲೆ ಉತ್ತರ ಕೊಟ್ಟಿತು. ಅವಳ ತಲೆಯಲ್ಲಿ ಯಾವಾಗಲೂ ಗೆಲ್ಲುತ್ತಿದ್ದುದು ಈ ಎರಡನೆಯ ಮೂಲೆಯೇ.

ಬೆಳಗಿನ ಚಹಾದ ಹೊತ್ತಿಗೆ ತಮ್ಮನ ಮುಂದೆ ಲೋಟ ಕುಕ್ಕಿದಳು.

“ಲೋ, ಸೇತುವೆ ಹತ್ರ ಎಷ್ಟು ಸಲ ಆಡ್ದೆ?”

“ಒಂದೇ ಸಲ. ಯಾಕಕ್ಕ?”

“ಹಾಗಾದ್ರೆ ಏಟು ಬೀಳೋಕೆ ಮುಂಚೆ ಕಣ್ಣು ಯಾಕ್ ಮುಚ್ದೆ? ಕನಸು ಬಿದ್ದಿತ್ತಾ?”

ತಮ್ಮ ಬ್ರೆಡ್ಡು ಅದ್ದುತ್ತಿದ್ದವನು ನಕ್ಕುಬಿಟ್ಟ. “ಸೌಂಡು ಬರತ್ತಲ್ಲ! ಕ್ರಿಟಿಕಲ್ ಬರೋಕೆ ಸ್ವಲ್ಪ ಮುಂಚೆ. ಲೋಟದ ಅಂಚಿಗೆ ಉಗುರು ತಾಗಿಸಿದ ಹಾಗೆ, ತೆಳ್ಳಗೆ. ಅದು ಕೇಳಿದ ತಕ್ಷಣ ಜೀವ ಬಾಯಿಗೆ ಬಂತು.”

“ಯಾವ ಸೌಂಡೋ? ಇಷ್ಟು ವರ್ಷದಿಂದ ನೋಡ್ತಿದೀನಿ, ನಂಗೆ ಒಂದಿನಾನೂ ಕೇಳಿಲ್ಲ. ಬಳಗದಲ್ಲಿ ಇನ್ನೂ ಒಬ್ರಿಬ್ರು ಇದೇ ಸೌಂಡಿನ ಕಥೆ ಹೇಳ್ತಿದ್ರು. ಎಲ್ಲಾ ಒಂದೇ ಬಾಯಿಪಾಠ. ನೀನೇ ಹೇಳ್ಕೊಟ್ಟಿದ್ದಾ?”

ತಮ್ಮನ ನಗು ಅರ್ಧಕ್ಕೇ ನಿಂತಿತು. “ಅಕ್ಕ, ನಿನ್ನ ಕಿವಿ...”

“ನನ್ನ ಕಿವಿಗೇನಾಗಿದೆ? ನೀನು ಬಿಸ್ಕತ್ ಡಬ್ಬ ಮುಟ್ಟಿದ್ರೆ ನಂಗೆ ಬೀದೀಲಿ ಕೇಳತ್ತೆ!”

ಅದು ನಿಜವೂ ಆಗಿತ್ತು. ಆ ತಗಡಿನ ಡಬ್ಬ ಬಸ್ಸಿನ ಬಾಗಿಲಿನಂತೆ ಸದ್ದು ಮಾಡುತ್ತಿತ್ತು.

ಅವಳು ತಪಾಸಣೆಯಲ್ಲಿ ಅನ್ಯಾಯ ಮಾಡುವವಳಲ್ಲ. ಆಟದ ಗಂಧಗಾಳಿ ಇಲ್ಲದ, ಸುಳ್ಳು ಹೇಳದ ಸಾಕ್ಷಿಯೊಬ್ಬ ಬೇಕೆಂದು ಯೋಚಿಸಿ ಕೆಳಮನೆಯ ಡ್ರೈವರಣ್ಣನನ್ನು ಕರೆದಳು. ಜೀವಮಾನವಿಡೀ ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಓಡಿಸಿದ ಮುದುಕ. ಅವನ ಹಿಂದೆಯೇ ಅವನ ಬೂದು ಬಣ್ಣದ ಬೆಕ್ಕೂ ಬಂತು. ಪರದೆಗೆ ಬೆನ್ನುಮಾಡಿ ಅವನನ್ನು ಕೂರಿಸಿದಳು.

“ಡ್ರೈವರಣ್ಣ, ಲೋಟಕ್ಕೆ ಉಗುರು ತಾಗಿಸಿದ ಹಾಗೆ ಸದ್ದು ಕೇಳಿದ್ರೆ ಕೈ ಎತ್ತಿ.”

“ಎತ್ತೋದೇನು, ಎರಡೂ ಕೈ ಎತ್ತುತೀನಿ ತಾಯಿ. ಚಹಾ ಆಮೇಲೆ ಕೊಡ್ತೀಯೋ, ಈಗ್ಲೋ?”

ಹತ್ತಾರು ಕ್ರಿಟಿಕಲ್ ಏಟುಗಳ ತುಣುಕುಗಳು ಓಡಿದವು. ಡ್ರೈವರಣ್ಣ ಕೈಯನ್ನು ತೊಡೆಯ ಮೇಲಿಂದ ಕದಲಿಸಲಿಲ್ಲ.

“ಕತ್ತಿ ಬಡಿಯೋದು ಕೇಳ್ತು. ಯಾರೋ ಅಯ್ಯೋ ಅಂದಿದ್ದು ಕೇಳ್ತು. ಉಗುರೂ ಇಲ್ಲ, ಲೋಟಾನೂ ಇಲ್ಲ,” ಎಂದು ಅವನು ಗಂಭೀರವಾಗಿ ತೀರ್ಪು ಕೊಟ್ಟ.

ಬಾಗಿಲಲ್ಲಿ ನಿಂತಿದ್ದ ತಮ್ಮನ ಮುಖ ಕೆಂಪಾಯಿತು. “ಒಳ್ಳೇ ಸಾಕ್ಷೀನೇ ಹಿಡ್ಕೊಂಡು ಬಂದಿದೀಯ! ನನ್ನ ಆಟ ತಳ್ಳಿಹಾಕು, ಪರವಾಗಿಲ್ಲ. ಆದ್ರೆ ನೀನೇ ಸಾಕಿದ ತಮ್ಮ ಕಳ್ಳ ಅಂತ ನನ್ನ ಮುಖ ನೋಡಿ ಹೇಳು, ನೋಡೋಣ.”

“ನಿನ್ನ ಮುಖ ನೋಡಿದ ಮೇಲೇನೇ ಕಣೋ ನಂಗೆ ಅನುಮಾನ ಬಂದಿದ್ದು.”

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಅಂದು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಹಾಸಿಕೊಳ್ಳುತ್ತೇನೆಂದು ಯಾರ ಕೈಯಲ್ಲೋ ಹೇಳಿಕಳಿಸಿದ. ಹಾಸಿಗೆ ಬೇಕೆಂದು ಕೇಳಲಿಲ್ಲ. ಅದನ್ನೂ ಅವಳು ಅನುಮಾನದಿಂದಲೇ ನೋಡಿದಳು. ಮೊದಲೇ ಅಲ್ಲಿ ಹಾಸಿಗೆ ಇಟ್ಟುಕೊಂಡಿದ್ದನೇ?

ಬಳಗದವರು ತೀರ್ಪಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಮರುದಿನ ಅವಳು ‘ಮುಖ ಒಪ್ಪುವುದಿಲ್ಲ’ ಎಂದು ಬರೆದಳು. ಆದರೆ ಕಳಿಸುವ ಗುಂಡಿಯ ಮೇಲೆ ಬೆರಳು ಕೂರಲಿಲ್ಲ. ಇನ್ನೊಮ್ಮೆ ಸೇತುವೆಯನ್ನು ಓಡಿಸಿದಳು. ತೆರೆದ ಬಾಗಿಲಿನಿಂದ ಡ್ರೈವರಣ್ಣನ ಬೆಕ್ಕು ಬಂದು ಪರದೆಯ ಪಕ್ಕದಲ್ಲಿ ಮುದುರಿ ಮಲಗಿತ್ತು. ಕೊಡಲಿಯವನು ಹೆಜ್ಜೆ ಮುಂದಿಟ್ಟ. ನಿದ್ದೆಯಲ್ಲಿದ್ದ ಬೆಕ್ಕಿನ ಒಂದು ಕಿವಿ ಚಕ್ಕನೆ ಪರದೆಯ ಕಡೆ ತಿರುಗಿತು. ಆಮೇಲೆ ಪರದೆ ಕಪ್ಪಾಯಿತು.

ಅವಳು ಬೆಕ್ಕನ್ನೂ ಸುಮ್ಮನೆ ನಂಬಲಿಲ್ಲ. ನೊಣ ಕೂತಿರಬಹುದು ಎಂದುಕೊಂಡು ಮತ್ತೆ ಓಡಿಸಿದಳು. ಕಿವಿ ತಿರುಗಿತು. ಬಿಲ್ಲುಗಾರನ ಏಟು ಹಾಕಿದಳು, ಕುದುರೆಯವನದು ಹಾಕಿದಳು. ಕಿವಿ ಮೊದಲು, ಕತ್ತಲೆ ಆಮೇಲೆ. ಸಾಧಾರಣ ಏಟು ಹಾಕಿದರೆ ಬೆಕ್ಕು ಕದಲಲಿಲ್ಲ. ಸದ್ದು ಪೂರ್ತಿ ತೆಗೆದು ಕ್ರಿಟಿಕಲ್ ಹಾಕಿದಾಗಲೂ ಕದಲಲಿಲ್ಲ. ಸದ್ದು ಕೊಟ್ಟೊಡನೆ ಮತ್ತೆ ತಿರುಗಿತು. ಇದಕ್ಕೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ಅವಳು ಸ್ಟೀಲ್ ಲೋಟ ತಂದು ಕಿವಿಯ ಬಳಿ ಹಿಡಿದು ಅಂಚಿಗೆ ಉಗುರು ತಾಗಿಸಿದಳು. ಉಗುರಿಗೆ ತಾಗಿದ್ದು ಗೊತ್ತಾಯಿತು, ಕಿವಿಗೆ ಏನೂ ಬರಲಿಲ್ಲ. ವರ್ಷಗಟ್ಟಲೆ ಸೀಟಿ ಊದಿ ಬಸ್ಸು ನಿಲ್ಲಿಸಿದವಳು. ಪ್ರತಿ ಸಲ ಊದಿದ್ದೂ ತನ್ನ ಕಿವಿಯ ಬುಡದಲ್ಲೇ. ದಪ್ಪ ಸದ್ದುಗಳನ್ನು ಉಳಿಸಿ, ತೆಳ್ಳಗಿನದನ್ನೆಲ್ಲ ಆ ಸೀಟಿ ಹೊತ್ತುಕೊಂಡು ಹೋಗಿತ್ತು. ಡ್ರೈವರಣ್ಣನಿಗಾದರೋ ಇಂಜಿನ್ನು ಅದೇ ಉಪಕಾರ ಮಾಡಿತ್ತು. ಒಂದು ಕಿವುಡಿಗೆ ಇನ್ನೊಂದು ಕಿವುಡು ಸಾಕ್ಷಿ ಹೇಳಿತ್ತು.

ಬರೆದದ್ದನ್ನು ಅಳಿಸಿದಳು. ಆಗಲೇ ಅವಳಿಗೆ ಹಳಬರ ನೆನಪಾದದ್ದು. ಮುಂಚೆಯೇ ಬೆಚ್ಚಿದರೆಂದು ಅವಳು ಹೊರಗಟ್ಟಿದವರು. ಅವರಲ್ಲಿ ಎಷ್ಟು ಮಂದಿ ಕಳ್ಳರು, ಎಷ್ಟು ಮಂದಿ ಬರೀ ಕಿವಿ ನೆಟ್ಟಗಿದ್ದವರು?

ನಡುಹಗಲಲ್ಲೇ ಕನ್ನಡಕದ ಅಂಗಡಿಗೆ ಹೋದಳು. ತಮ್ಮ ಯಂತ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿದ್ದ. ತಲೆಯೆತ್ತಲಿಲ್ಲ.

“ಲೋ, ನಿನ್ನ ಆಟ ಒಪ್ಪಿ ಬರೆದೆ.”

“ಯಾಕೆ? ಮುಖ ಈಗ ಒಪ್ತಾ?”

“ಕಿವಿ ಒಪ್ಪಲಿಲ್ಲ. ನಂದು.” ಗಿರಾಕಿಯೊಬ್ಬ ಕನ್ನಡಿ ನೋಡಿಕೊಳ್ಳುವುದನ್ನು ಬಿಟ್ಟು ಇವಳನ್ನೇ ನೋಡತೊಡಗಿದ. “ನೀನು ಕಳ್ಳ ಅಲ್ಲ ಕಣೋ. ಸಾಕಾ? ಇವರ ಮುಂದೆಯೇ ಹೇಳ್ದೆ.”

ತಮ್ಮ ಯಂತ್ರ ನಿಲ್ಲಿಸಿದ. “ಡಬ್ಬದಲ್ಲಿ ಬಿಸ್ಕತ್ ಉಳ್ದಿದ್ಯಾ?”

“ನೀನು ಇಲ್ಲದಾಗ ಯಾರು ಕದ್ದು ತಿಂತಾರೆ?”

‘ಹಿಂದೆ ನಾನು ತಳ್ಳಿಹಾಕಿದ ಆಟಗಳನ್ನೆಲ್ಲ ಮತ್ತೆ ಕಳಿಸಿರಿ, ತಪ್ಪು ನನ್ನ ಕಿವಿಯದು’ ಎಂದು ಅವಳು ಬಳಗಕ್ಕೆ ಬರೆದಳು. ಕೆಲವರು ಕಳಿಸಿದರು, ಕೆಲವರು ಬೈದರು, ಒಂದಿಬ್ಬರು ಉತ್ತರವನ್ನೇ ಕೊಡಲಿಲ್ಲ. ಆ ಮೌನಿಗಳು ಈಗಲೂ ಅವಳ ಅನುಮಾನದ ಬುಟ್ಟಿಯಲ್ಲೇ ಇದ್ದಾರೆ.

ಈಗ ಸಂಜೆ ತಮ್ಮ ಅವಳ ಪಕ್ಕ ಕೂತು ಆ ಸದ್ದು ಬಂದಾಗಲೆಲ್ಲ ಬೆರಳೆತ್ತುತ್ತಾನೆ, ಅವಳು ಆಟಗಾರನ ಮುಖ ನೋಡುತ್ತಾಳೆ. ಬೆಕ್ಕನ್ನು ಮಾತ್ರ ಕೆಳಗೆ ಕಳಿಸಿಲ್ಲ. ತಮ್ಮನ ಬೆರಳೂ ಬೆಕ್ಕಿನ ಕಿವಿಯೂ ಒಟ್ಟಿಗೆ ಏಳುತ್ತವೆಯೇ ಎಂದು ಅವಳು ಓರೆಗಣ್ಣಿನಿಂದ ನೋಡುತ್ತಲೇ ಇರುತ್ತಾಳೆ. ತಮ್ಮನಿಗೆ ಅದು ಗೊತ್ತು. ಆಗಾಗ ಬೇಕೆಂದೇ ಸುಳ್ಳು ಬೆರಳೆತ್ತಿ ಬೈಸಿಕೊಳ್ಳುತ್ತಾನೆ.