ಗೊಟ್ಟಿಗೆರೆಯ ಎರಡು ಜೇನುಪೆಟ್ಟಿಗೆಗಳು

ಗೊಟ್ಟಿಗೆರೆಯ ಬಸ್ ನಿಲ್ದಾಣದ ಹಿಂದೆ ಜೇನು ಮಾರುವ ಮುನಿರಾಜಣ್ಣ ನಮ್ಮ ನಾಡಿನ ತುಡುವೆ ಜೇನಿನ ಮೇಣದ ಎರಿಯೊಂದನ್ನು ಎತ್ತಿ, ಜೇನುಪೆಟ್ಟಿಗೆ ಪರೀಕ್ಷಿಸಲು ಬಂದಿದ್ದ ನನಗೆ ತೋರಿಸಿದರು. ಮರಿಗಳಿರಬೇಕಾದ ಕೋಣೆಗಳಲ್ಲಿ ಅರ್ಧದಷ್ಟು ಬರಿದಾಗಿದ್ದವು.

“ನೋಡಿದೋರು ರೋಗ ಅಂದ್ರು ಮೇಡಂ.”

ರೋಗವಲ್ಲ. ಪಕ್ಕದಲ್ಲೇ ಇಟಾಲಿಯನ್ ಜೇನಿನ ಪೆಟ್ಟಿಗೆಯಿತ್ತು. ಆ ಜಾತಿಯ ಗಂಡುನೊಣವನ್ನು ಕೂಡಿದ ತುಡುವೆ ರಾಣಿಯ ಮೊಟ್ಟೆಗಳು ಮರಿಯಾಗದೆ ಸಾಯುತ್ತವೆ. ರಾಣಿ ಮತ್ತೆ ಕೂಡುವುದಿಲ್ಲ, ಕುಟುಂಬ ಕ್ಷೀಣಿಸುತ್ತದೆ.

“ಒಟ್ಟಿಗಿಡಲು ಹೇಳಿದವರು ಯಾರು?”

“ಟ್ರೈನಿಂಗ್ ಕೊಟ್ಟ ಸಾಹೇಬ್ರು. ಹೊಸ ರಾಣಿ ಬೇರೆ ಇವತ್ತೇ ಕೂಡೋಕೆ ಹಾರ್ತಾಳೆ.”

ಅವರ ಫೋನಿನಿಂದಲೇ ಸಾಹೇಬರನ್ನು ಪ್ರಶ್ನಿಸಿದೆ.

“ಎರಡೂ ಜೇನೇ ತಾನೇ ಮೇಡಂ? ಅಡ್ಜಸ್ಟ್ ಆಗ್ತವೆ.”

“ಇದನ್ನೇ ಬರೆದು, ಸಹಿ ಹಾಕಿ ಕೊಡುವಿರಾ?”

ಅತ್ತ ಫೋನ್ ಕಟ್ ಆಯಿತು. ಇತ್ತ ಗಂಡುನೊಣಗಳು ಹೊರಬರದಂತೆ ಇಟಾಲಿಯನ್ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಲು ಓಡಿದ ಮುನಿರಾಜಣ್ಣ ತಲೆಯೆತ್ತಿ ಆಕಾಶ ನೋಡುತ್ತ ನಿಂತುಬಿಟ್ಟರು.

“ರಾಣಿ ಹಾರಿಹೋದ್ಳು ಮೇಡಂ.”